ಸೋರುವ ಕರೆಂಟಿಗೆ ಎರಡು ತಡೆ

ವಿದ್ಯುತ್ ಉಪಕರಣಗಳ ಸುರಕ್ಷತೆಯನ್ನು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಒಂದು ಲೋಹದ ಬೆರಳು ಇದ್ದೇ ಇರುತ್ತದೆ. ದಪ್ಪ 12 ಮಿಲಿಮೀಟರ್, ಉದ್ದ 80 ಮಿಲಿಮೀಟರ್. ಮನುಷ್ಯರ ಬೆರಳಿನ ಹಾಗೆಯೇ ಎರಡು ಗೆಣ್ಣುಗಳಲ್ಲಿ ಬಾಗುತ್ತದೆ. ಮಿಕ್ಸಿಯ ತಳದ ಗಾಳಿಕಿಂಡಿ, ಹೇರ್ ಡ್ರೈಯರಿನ ಹಿಂಬದಿಯ ಜಾಲರಿ, ಟೇಬಲ್ ಫ್ಯಾನಿನ ಮೋಟಾರಿನ ಮುಚ್ಚಳ, ಎಲ್ಲೆಲ್ಲಿ ತೂತಿದೆಯೋ ಅಲ್ಲೆಲ್ಲ ಪರೀಕ್ಷಕರು ಇದನ್ನು ತೂರಿಸಿ, ಬಾಗಿಸಿ, ತಿರುಗಿಸಿ ನೋಡುತ್ತಾರೆ. ಬೆರಳಿಗೆ ಜೋಡಿಸಿದ ದೀಪ ಹೊತ್ತಿತೆಂದರೆ ಒಳಗೆ ಕರೆಂಟಿರುವ ಭಾಗ ತಾಗಿತು ಎಂದೇ ಅರ್ಥ. ಅಲ್ಲಿಗೆ ಆ ಮಾದರಿ ಫೇಲು.

ಈ ಬೆರಳು ಮನೆಯವರೆಲ್ಲರ ಪರವಾಗಿ ತಡಕಾಡುತ್ತದೆ. ಕಿಂಡಿ ಕಂಡಲ್ಲೆಲ್ಲ ಬೆರಳು ತೂರಿಸುವ ಮಗು, ಕತ್ತಲಲ್ಲಿ ಸ್ವಿಚ್ಚು ಹುಡುಕುವ ಅಜ್ಜಿ, ಒದ್ದೆ ಕೈಯಲ್ಲೇ ಗ್ರೈಂಡರ್ ಹಿಡಿಯುವ ಗೃಹಿಣಿ, ಅವಸರದಲ್ಲಿ ಪ್ಲಗ್ ಎಳೆಯುವ ವಿದ್ಯಾರ್ಥಿ ಎಲ್ಲರೂ ಅದರ ಹಿಂದೆ ಇದ್ದಾರೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವಾರ್ಷಿಕ ವರದಿಗಳನ್ನು ನೋಡಿದರೆ, ಇತ್ತೀಚಿನ ವರ್ಷಗಳಲ್ಲಿ ನಮ್ಮ ದೇಶದಲ್ಲಿ ಕರೆಂಟು ತಗುಲಿ ಸತ್ತವರು ವರ್ಷಕ್ಕೆ 10,000ಕ್ಕೂ ಹೆಚ್ಚು. ಹೊಲದ ಪಂಪ್‌ಸೆಟ್ಟು, ಹರಿದುಬಿದ್ದ ತಂತಿ, ಕಟ್ಟಡದ ಕೆಲಸ, ಮನೆಯ ಬಚ್ಚಲು ಎಲ್ಲವೂ ಸೇರಿದ ಲೆಕ್ಕ ಇದು. ಇದರಲ್ಲಿ ಮನೆಯ ಪಾಲನ್ನು ಪೂರ್ತಿ ತಪ್ಪಿಸಬಹುದು ಎಂಬ ನಂಬಿಕೆಯ ಮೇಲೆ ಈ ಅಧ್ಯಾಯ ನಿಂತಿದೆ.

ಕೆಡದ ಯಂತ್ರ ಜಗತ್ತಿನಲ್ಲಿಲ್ಲ. ಬಳಸುತ್ತ ಬಳಸುತ್ತ ವೈರು ಸವೆಯುತ್ತದೆ, ರಬ್ಬರು ಬಿರಿಯುತ್ತದೆ, ಸ್ಕ್ರೂ ಸಡಿಲಾಗುತ್ತದೆ. ಸುರಕ್ಷತೆಯ ಪರೀಕ್ಷೆ ಇದನ್ನೆಲ್ಲ ಮೊದಲೇ ಒಪ್ಪಿಕೊಂಡು ಮುಂದಿನ ಪ್ರಶ್ನೆ ಕೇಳುತ್ತದೆ: ಒಂದು ಭಾಗ ಕೆಟ್ಟ ಆ ಕ್ಷಣದಲ್ಲಿ ಉಪಕರಣವನ್ನು ಮುಟ್ಟಿದವರು ಉಳಿಯುತ್ತಾರೆಯೇ? ಉತ್ತರ ಅರ್ಧ ಉಪಕರಣದಲ್ಲಿದೆ, ಇನ್ನರ್ಧ ನಮ್ಮ ಮನೆಯ ಗೋಡೆಯಲ್ಲಿದೆ.

ಎಷ್ಟು ಕರೆಂಟು ಅಪಾಯ?

ನಮ್ಮ ಮನೆಗಳಿಗೆ ಬರುವುದು 230 ವೋಲ್ಟ್, 50 ಹರ್ಟ್ಸ್ ವಿದ್ಯುತ್. ಒಂದು ಕೈಯಿಂದ ಹೊಕ್ಕು ಕಾಲಿನಿಂದ ಹೊರಹೋಗುವ ಕರೆಂಟಿಗೆ ನಮ್ಮ ದೇಹ ಒಡ್ಡುವ ರೋಧ ಸುಮಾರು 1,000ದಿಂದ 2,000 ಓಮ್. ಚರ್ಮ ಒದ್ದೆಯಾಗಿದ್ದರೆ ಇದು ಇಳಿಯುತ್ತದೆ. 1,000 ಓಮ್ ಎಂದು ಹಿಡಿದರೂ ಓಮನ ನಿಯಮದ ಪ್ರಕಾರ ದೇಹದಲ್ಲಿ ಹರಿಯುವುದು 0.23 ಆಂಪಿಯರ್, ಅಂದರೆ 230 ಮಿಲಿಆಂಪಿಯರ್.

ಇದು ಹೆಚ್ಚೋ ಕಡಿಮೆಯೋ? ಅರ್ಧ ಮಿಲಿಆಂಪಿಯರಿನ ಆಸುಪಾಸಿನಲ್ಲೇ ಬೆರಳ ತುದಿ ಜುಂ ಎನ್ನಲು ತೊಡಗುತ್ತದೆ. 10 ಮಿಲಿಆಂಪಿಯರ್ ಹತ್ತಿರ ಬಂದಾಗ ಮುಂಗೈಯ ಸ್ನಾಯುಗಳು ಬಿಗಿದುಕೊಂಡು, ಹಿಡಿದದ್ದನ್ನು ಬಿಡಲು ಆಗುವುದಿಲ್ಲ. ‘ಕರೆಂಟು ಹಿಡಿದುಕೊಂಡಿತು’ ಎಂದು ಜನ ಹೇಳುವುದು ಈ ಸ್ಥಿತಿಯನ್ನು. ಹಿಡಿದದ್ದು ಕರೆಂಟಲ್ಲ, ನಮ್ಮದೇ ಸ್ನಾಯು. ಇನ್ನೂ ಏರಿದರೆ ಎದೆಯ ಸ್ನಾಯುಗಳೂ ಬಿಗಿದು ಉಸಿರಾಟ ಕಷ್ಟವಾಗುತ್ತದೆ. 40, 50 ಮಿಲಿಆಂಪಿಯರ್ ಕರೆಂಟು ಕೆಲವು ಸೆಕೆಂಡು ಎದೆಯ ಮೂಲಕ ಹಾದರೆ ಹೃದಯದ ಕೋಣೆಗಳು ಲಯ ತಪ್ಪಿ ಅದುರತೊಡಗಬಹುದು. ಹಾಗೆ ಅದುರುವ ಹೃದಯ ರಕ್ತವನ್ನು ಮುಂದೂಡುವುದಿಲ್ಲ.

ಈ ತಿಳಿವಳಿಕೆಗೆ ಮುಖ್ಯ ಆಧಾರ ಒದಗಿಸಿದವರು ಅಮೆರಿಕದ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಚಾರ್ಲ್ಸ್ ಡಾಲ್ಜಿಯಲ್. ಕಳೆದ ಶತಮಾನದ ನಡುವಿನಲ್ಲಿ ಅವರು ಸ್ವಯಂಸೇವಕರ ಕೈಗೆ ತಾಮ್ರದ ತಂತಿ ಹಿಡಿಸಿ, ಕರೆಂಟನ್ನು ಮೆಲ್ಲಗೆ ಏರಿಸುತ್ತ, ಯಾವ ಹಂತದವರೆಗೆ ತಂತಿಯನ್ನು ಬಿಡಲು ಸಾಧ್ಯ ಎಂದು ಅಳೆದರು. ಗಂಡಸರ ಸರಾಸರಿ 16 ಮಿಲಿಆಂಪಿಯರ್, ಹೆಂಗಸರದು ಸುಮಾರು 10.5 ಎಂದು ಕಂಡುಬಂತು. ಮುಂದೆ 1961ರಲ್ಲಿ, ಇಷ್ಟು ಸಣ್ಣ ಸೋರಿಕೆಯನ್ನೂ ಗುರುತಿಸಿ ಸರಬರಾಜನ್ನು ಕಡಿದುಹಾಕುವ ಸಾಧನವನ್ನು ಅವರೇ ರೂಪಿಸಿದರು.

ಈಗ ನಿಮ್ಮ ಸ್ವಿಚ್‌ಬೋರ್ಡನ್ನು ನೋಡಿ. ದೀಪಗಳ ಸಾಲಿಗೆ ಹಾಕಿದ ಚಿಕ್ಕ ಎಂಸಿಬಿಯ ಮೇಲೆ 6 ಆಂಪಿಯರ್ ಎಂದಿರುತ್ತದೆ. ಅಂದರೆ 6,000 ಮಿಲಿಆಂಪಿಯರ್ ಹರಿಯುತ್ತಿದ್ದರೂ ಅದು ಸುಮ್ಮನಿರುತ್ತದೆ. ಒಂದು 9 ವಾಟ್ ಎಲ್‌ಇಡಿ ಬಲ್ಬು ಎಳೆಯುವ ಕರೆಂಟು ಸುಮಾರು 40 ಮಿಲಿಆಂಪಿಯರ್. ಜೀವ ತೆಗೆಯಲು ಸಾಕಾಗುವಷ್ಟು. ಫ್ಯೂಸು, ಎಂಸಿಬಿಗಳು ವೈರು ಕಾದು ಬೆಂಕಿ ಹತ್ತದಂತೆ ಕಾಯುತ್ತವೆ. ಮನುಷ್ಯನ ಜೀವ ಉಳಿಯುವ ಅಳತೆ ಅವುಗಳ ಕಣ್ಣಿಗೆ ಬೀಳುವುದೇ ಇಲ್ಲ. ಆದ್ದರಿಂದ ಬೇರೆ ಏರ್ಪಾಡು ಬೇಕು.

ಒಂದು ತಡೆ ಮುರಿದರೆ ಇನ್ನೊಂದು

ಗೃಹೋಪಕರಣಗಳ ಸುರಕ್ಷತೆಗೆ ನಮ್ಮ ದೇಶದ ಮಾನಕ ಐಎಸ್ 302. ಇದು ಅಂತಾರಾಷ್ಟ್ರೀಯ ಐಇಸಿ 60335 ಮಾನಕದ ಹೆಜ್ಜೆಯಲ್ಲೇ ನಡೆಯುತ್ತದೆ. ಇಸ್ತ್ರಿಪೆಟ್ಟಿಗೆಗೆ ಐಎಸ್ 366, ಬಕೆಟ್ಟಿನಲ್ಲಿ ಇಳಿಬಿಡುವ ಹೀಟರಿಗೆ ಐಎಸ್ 368, ಮಿಕ್ಸಿಗೆ ಐಎಸ್ 4250, ನೀರು ಸಂಗ್ರಹಿಸುವ ಗೀಸರಿಗೆ ಐಎಸ್ 2082 ಎಂಬ ಪ್ರತ್ಯೇಕ ಮಾನಕಗಳಿವೆ. ಇಂಥ ಮಾನಕಗಳ ಹಿಂದಿರುವ ಮೂಲ ವಿಚಾರ ಒಂದೇ: ಕರೆಂಟಿಗೂ ಮನುಷ್ಯನಿಗೂ ನಡುವೆ ಎರಡು ತಡೆಗಳಿರಬೇಕು, ಒಂದು ಮುರಿದಾಗ ಇನ್ನೊಂದು ನಿಂತಿರಬೇಕು.

ಮೊದಲ ತಡೆ ಎಲ್ಲ ಉಪಕರಣಗಳಲ್ಲೂ ಒಂದೇ, ಕರೆಂಟಿರುವ ಭಾಗವನ್ನು ಸುತ್ತುವರಿದ ಅವಾಹಕ. ಎರಡನೆಯದನ್ನು ಕೊಡುವ ರೀತಿಯಲ್ಲಿ ಉಪಕರಣಗಳು ಬೇರೆಯಾಗುತ್ತವೆ. ಇಸ್ತ್ರಿಪೆಟ್ಟಿಗೆ, ಗೀಸರ್, ಫ್ರಿಜ್, ಸ್ಟೀಲ್ ಮೈಯ ವೆಟ್ ಗ್ರೈಂಡರ್ ಇವೆಲ್ಲ ಒಂದನೆಯ ದರ್ಜೆಯವು. ಇವುಗಳ ಲೋಹದ ಮೈಯನ್ನು ಹಸಿರು ವೈರಿನ ಮೂಲಕ ಪ್ಲಗ್ಗಿನ ಮೂರನೆಯ ಪಿನ್ನಿಗೆ, ಅಲ್ಲಿಂದ ಮನೆಯ ಅರ್ಥಿಂಗಿಗೆ ಜೋಡಿಸಿರುತ್ತಾರೆ. ಒಳಗಿನ ಅವಾಹಕ ಹರಿದು ಕರೆಂಟು ಮೈಗೆ ಬಂದರೆ ಅದು ನೆಲಕ್ಕೆ ಇಳಿದುಹೋಗಬೇಕು. ಎರಡನೆಯ ದರ್ಜೆಯವು ಮೊಬೈಲ್ ಚಾರ್ಜರ್, ಹೇರ್ ಡ್ರೈಯರುಗಳಂಥವು. ಇವಕ್ಕೆ ಅರ್ಥ್ ವೈರು ಇರುವುದಿಲ್ಲ. ಬದಲಿಗೆ ಒಂದರ ಮೇಲೊಂದು ಎರಡು ಪದರದ ಅವಾಹಕ, ಅಥವಾ ಅಷ್ಟೇ ಬಲದ ಒಂದು ದಪ್ಪ ಪದರ ಇರುತ್ತದೆ. ಚೌಕದೊಳಗೊಂದು ಚೌಕದ ಗುರುತು ಕಂಡರೆ ಆ ಉಪಕರಣ ಈ ದರ್ಜೆಯದು. ಮೂರನೆಯ ದರ್ಜೆ ತೀರಾ ಕಡಿಮೆ ವೋಲ್ಟೇಜಿನಲ್ಲಿ ಓಡುವ ಉಪಕರಣಗಳದು.

ಈ ಮೂರಕ್ಕೂ ಸೇರದ ಇನ್ನೊಂದು ಬಗೆಯಿದೆ. ಲೋಹದ ಮೈ, ಒಂದೇ ಪದರ ಅವಾಹಕ, ಎರಡು ಪಿನ್ನಿನ ಪ್ಲಗ್. ಅಲ್ಲಿ ಎರಡನೆಯ ತಡೆಯೇ ಇಲ್ಲ. ಒಂದನೆಯ ದರ್ಜೆಯ ಉಪಕರಣದ ಅರ್ಥ್ ವೈರನ್ನು ನಾವು ಕತ್ತರಿಸಿದ ಗಳಿಗೆಯಲ್ಲಿ ಅದು ಈ ಸಾಲಿಗೆ ಬಂದುಬಿಡುತ್ತದೆ.

ಅರ್ಥ್ ವೈರಿನ ಪರೀಕ್ಷೆ

ಲೋಹದ ಮೈಗೂ ಪ್ಲಗ್ಗಿನ ಅರ್ಥ್ ಪಿನ್ನಿಗೂ ನಡುವೆ ಸಂಪರ್ಕವಿದೆಯೇ ಎಂದು ತಿಳಿಯಲು ಮಲ್ಟಿಮೀಟರ್ ಸಾಲದೇ ಎಂದು ಕೇಳಬಹುದು. ಸಾಲದು. ಅರ್ಥ್ ವೈರು ಹತ್ತಾರು ಸಣ್ಣ ಎಳೆಗಳ ಜಡೆ. ಮಡಚಿ ಮಡಚಿ ಅದರ ಬಹುಪಾಲು ಎಳೆಗಳು ತುಂಡಾಗಿ ಒಂದೆರಡು ಮಾತ್ರ ಉಳಿದಿದ್ದರೂ ಮಲ್ಟಿಮೀಟರ್ ಹರಿಸುವ ಚೂರು ಕರೆಂಟಿಗೆ ಅಷ್ಟೇ ಸಾಕು. ‘ಸಂಪರ್ಕ ಇದೆ’ ಎಂದು ಅದು ಪೀಂ ಎನ್ನುತ್ತದೆ. ನಿಜವಾದ ದೋಷ ಬಂದಾಗ ಹತ್ತಾರು ಆಂಪಿಯರ್ ನುಗ್ಗುತ್ತದೆ. ಉಳಿದ ಎಳೆ ಆಗ ಕರಗಿಹೋಗುತ್ತದೆ, ಕರೆಂಟು ಮಾತ್ರ ಮೈಯಲ್ಲೇ ನಿಲ್ಲುತ್ತದೆ.

ಅದಕ್ಕಾಗಿ ಮಾನಕ 12 ವೋಲ್ಟಿಗೆ ಮೀರದ ಮೂಲದಿಂದ 25 ಆಂಪಿಯರ್, ಅಥವಾ ಉಪಕರಣದ ಕರೆಂಟಿನ ಒಂದೂವರೆ ಪಟ್ಟು, ಇವೆರಡರಲ್ಲಿ ಹೆಚ್ಚಿನದನ್ನು ಆ ದಾರಿಯಲ್ಲಿ ಹರಿಸಬೇಕು ಎನ್ನುತ್ತದೆ. ಆಗ ರೋಧ 0.1 ಓಮ್ ದಾಟಕೂಡದು. 25 ಆಂಪಿಯರ್ ಹರಿದಾಗ 0.1 ಓಮಿನ ಮೇಲೆ ಬೀಳುವ ವೋಲ್ಟೇಜು ಎರಡೂವರೆ ಮಾತ್ರ. ತೀರಾ ಸಣ್ಣ ಮಿತಿ, ಆದರೆ ಬೇಕಾದದ್ದೇ ಅಷ್ಟು. ಸಡಿಲ ಸ್ಕ್ರೂ, ಬಣ್ಣ ಬಳಿದ ಲೋಹದ ಮೇಲೆ ಕೂರಿಸಿದ ವಾಷರ್, ತುಕ್ಕು ಹಿಡಿದ ಕೊಂಡಿ ಎಲ್ಲವೂ ಈ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತವೆ.

ಅವಾಹಕಕ್ಕೆ ಒತ್ತಡ

ಮುಂದಿನದು ಅಧಿಕ ವೋಲ್ಟೇಜಿನ ಪರೀಕ್ಷೆ. ಹೊಸದಾಗಿ ಹಾಕಿದ ನೀರಿನ ಪೈಪನ್ನು ಪ್ಲಂಬರ್ ಮಾಮೂಲಿಗಿಂತ ಹೆಚ್ಚು ಒತ್ತಡದ ನೀರು ತುಂಬಿ ಪರೀಕ್ಷಿಸುವಂತೆಯೇ ಇದು. ದಿನಬಳಕೆಯಲ್ಲಿ 230 ವೋಲ್ಟ್ ತಡೆಯಬೇಕಾದ ಅವಾಹಕಕ್ಕೆ, ಉಪಕರಣ ಬಿಸಿಯಾಗಿರುವಾಗಲೇ, ಒಂದು ನಿಮಿಷ ಕಾಲ 1,000 ವೋಲ್ಟ್ ಕೊಡುತ್ತಾರೆ. ಎರಡು ಪದರಕ್ಕೆ ಸಮನಾದ ಬಲವರ್ಧಿತ ಅವಾಹಕಕ್ಕೆ 3,000 ವೋಲ್ಟ್. ಎಲ್ಲಾದರೂ ಸೂಜಿಮೊನೆಯಷ್ಟು ತೂತಿದ್ದರೆ, ಎರಡು ತಂತಿಗಳ ನಡುವಿನ ಅಂತರ ಕಡಿಮೆಯಾಗಿದ್ದರೆ ಅಲ್ಲಿ ಕಿಡಿ ಹಾರುತ್ತದೆ. ಮಾದರಿ ಮತ್ತೆ ವಿನ್ಯಾಸದ ಮೇಜಿಗೆ ಹೋಗುತ್ತದೆ.

ಇನ್ನೂ ಸೂಕ್ಷ್ಮವಾದದ್ದು ಸೋರಿಕೆಯ ಅಳತೆ. ಯಾವ ಅವಾಹಕವೂ ಪರಿಪೂರ್ಣವಲ್ಲ. ಹೊಚ್ಚ ಹೊಸ ಉಪಕರಣದಲ್ಲೂ ಕಣದಷ್ಟು ಕರೆಂಟು ಮೈಗೆ ಸೋರುತ್ತಲೇ ಇರುತ್ತದೆ. ಉಪಕರಣಕ್ಕೂ ನೆಲಕ್ಕೂ ನಡುವೆ ಮನುಷ್ಯ ದೇಹದ ರೋಧವನ್ನು ಅನುಕರಿಸುವ ಒಂದು ಮಂಡಲ ಜೋಡಿಸಿ ಈ ಸೋರಿಕೆಯನ್ನು ಅಳೆಯುತ್ತಾರೆ. ಕೈಯಲ್ಲಿ ಹಿಡಿದು ಸಾಗಿಸಬಹುದಾದ ಒಂದನೆಯ ದರ್ಜೆಯ ಉಪಕರಣಕ್ಕೆ ಮಿತಿ 0.75 ಮಿಲಿಆಂಪಿಯರ್, ಎರಡನೆಯ ದರ್ಜೆಗೆ 0.25. ಡಾಲ್ಜಿಯಲ್ ಕಂಡ 10 ಮಿಲಿಆಂಪಿಯರ್ ಮಟ್ಟಕ್ಕೂ ಈ ಮಿತಿಗಳಿಗೂ ಎಷ್ಟು ಅಂತರ ಎಂದು ನೋಡಿ. ಏಣಿಯ ಮೇಲೆ ನಿಂತವರಿಗೆ, ಕಾದ ಎಣ್ಣೆಯ ಬಾಣಲೆ ಹಿಡಿದವರಿಗೆ ಸಣ್ಣ ಜುಂ ಕೂಡ ಅನಾಹುತ ತರಬಲ್ಲದು ಎಂಬ ಎಚ್ಚರ ಈ ಅಂತರದಲ್ಲಿದೆ.

ತೇವ, ಶಾಖ, ಉಪ್ಪುನೀರು

ಒಣ ಕೋಣೆಯಲ್ಲಿ ಪಾಸಾದ ಉಪಕರಣ ಮಳೆಗಾಲದ ಆಗುಂಬೆಯಲ್ಲಿ ಹೇಗಿರುತ್ತದೆ? ಇದಕ್ಕೆ ತೇವದ ಕೋಣೆ ಇದೆ. ಶೇಕಡಾ 93ರಷ್ಟು ಸಾಪೇಕ್ಷ ಆರ್ದ್ರತೆಯಲ್ಲಿ 48 ಗಂಟೆ ಇಟ್ಟು, ತೆಗೆದ ಕೂಡಲೇ ಸೋರಿಕೆ ಮತ್ತು ಅಧಿಕ ವೋಲ್ಟೇಜಿನ ಪರೀಕ್ಷೆಗಳನ್ನು ಮತ್ತೆ ಮಾಡುತ್ತಾರೆ.

ನೀರು ಕಾಯಿಸುವ ಉಪಕರಣಗಳಿಗಂತೂ ಇದು ಜೀವಾಳ. ಗೀಸರಿನ ಎಲಿಮೆಂಟು, ಬಕೆಟ್ಟಿಗೆ ಇಳಿಬಿಡುವ ಹೀಟರ್ ಕಾಯಿಲು, ಇಸ್ತ್ರಿಪೆಟ್ಟಿಗೆಯ ಒಳಗಿನ ಕೊಳವೆ ಎಲ್ಲದರ ರಚನೆ ಒಂದೇ. ಹೊರಗೆ ಲೋಹದ ಕೊಳವೆ, ನಟ್ಟನಡುವೆ ನಿಕ್ರೋಮ್ ತಂತಿಯ ಸುರುಳಿ, ಎರಡರ ನಡುವೆ ಗಿಡಿದು ತುಂಬಿದ ಮೆಗ್ನೀಸಿಯಂ ಆಕ್ಸೈಡ್ ಪುಡಿ. ಈ ಪುಡಿ ಶಾಖವನ್ನು ಸಲೀಸಾಗಿ ಹರಿಯಬಿಟ್ಟು ಕರೆಂಟನ್ನು ತಡೆಯುತ್ತದೆ. ಇಂಥ ಗುಣವಿರುವ ಪದಾರ್ಥಗಳು ವಿರಳ. ಆದರೆ ಅದು ಗಾಳಿಯ ತೇವವನ್ನು ಹೀರುತ್ತದೆ. ಕೊಳವೆಯ ಬಾಯಿಗೆ ಹಾಕಿದ ಸೀಲು ಬಿರುಕು ಬಿಟ್ಟರೆ ತೇವ ಒಳಸೇರಿ ಪುಡಿಯ ತಡೆಯುವ ಶಕ್ತಿ ಕುಗ್ಗುತ್ತದೆ. ವಾರಗಟ್ಟಲೆ ಮೂಲೆಯಲ್ಲಿ ಬಿದ್ದಿದ್ದ ಹೀಟರನ್ನು ಮಳೆಗಾಲದಲ್ಲಿ ಹಾಕಿದಾಗ, ಸೋರಿಕೆ ಗುರುತಿಸಿ ಸರಬರಾಜು ಕಡಿಯುವ ಆರ್‌ಸಿಸಿಬಿ ಬಿದ್ದುಹೋಗಲು ಇದು ಸಾಮಾನ್ಯ ಕಾರಣ. ಪುಡಿ ತೀರಾ ಬಿಸಿಯಾದಾಗಲೂ ಸೋರಿಕೆ ಏರುತ್ತದೆ. ಆದ್ದರಿಂದ ಕಾಯಿಸುವ ಉಪಕರಣಕ್ಕೆ ನಮೂದಿಸಿದ ವಾಟಿಗಿಂತ ಶೇಕಡಾ 15ರಷ್ಟು ಹೆಚ್ಚು ಕೊಟ್ಟು, ಪೂರ್ತಿ ಕಾದ ಮೇಲೆ ಅಳೆಯುತ್ತಾರೆ. ಆಗ ಉಪಕರಣವನ್ನು ಇಡುವುದು ಕಪ್ಪು ಬಣ್ಣ ಬಳಿದ 20 ಮಿಲಿಮೀಟರ್ ಪ್ಲೈವುಡ್ಡಿನ ಮೂಲೆಯಲ್ಲಿ. ಮನೆಯ ಗೋಡೆಯ ಮೂಲೆಯಲ್ಲಿ ಗಾಳಿಯಾಡದೆ ಕೂತಾಗ ಹಿಡಿ, ವೈರು, ಗೋಡೆ ಎಷ್ಟೆಷ್ಟು ಕಾಯುತ್ತವೆ ಎಂದು ಹೀಗೆ ತಿಳಿಯುತ್ತದೆ.

ನೀರು ತುಂಬುವ ಪಾತ್ರೆಯಿರುವ ಉಪಕರಣಕ್ಕೆ ಚೆಲ್ಲುವ ಪರೀಕ್ಷೆಯೂ ಉಂಟು. ಶೇಕಡಾ 1ರಷ್ಟು ಉಪ್ಪು ಬೆರೆಸಿದ ನೀರನ್ನು ಪಾತ್ರೆಯ ಕಂಠದವರೆಗೆ ತುಂಬಿ, ಅದರ ಮೇಲೆ ಪಾತ್ರೆಯ ಅಳತೆಯ ಶೇಕಡಾ 15 ಅಥವಾ ಕಾಲು ಲೀಟರ್, ಯಾವುದು ಹೆಚ್ಚೋ ಅಷ್ಟನ್ನು ಒಂದು ನಿಮಿಷದಲ್ಲಿ ಸಮನಾಗಿ ಸುರಿಯುತ್ತಾರೆ. ಸಾರು ಉಕ್ಕುತ್ತದೆ, ಚಟ್ನಿಯ ನೀರು ಜಾರಿನಿಂದ ಇಳಿಯುತ್ತದೆ. ಅಡುಗೆಮನೆಯ ನೀರಿನಲ್ಲಿ ಉಪ್ಪಿರುವುದು ಸಹಜ, ಉಪ್ಪುನೀರು ಕರೆಂಟಿಗೆ ಒಳ್ಳೆಯ ವಾಹಕ.

ಕೆಡಿಸಿ ನೋಡುವುದು

ಪರೀಕ್ಷಕರು ಉಪಕರಣವನ್ನು ಬೇಕೆಂದೇ ಕೆಡಿಸುವ ಹಂತವೂ ಇದೆ. ಮಿಕ್ಸಿಯ ಮೋಟಾರು ತಿರುಗದಂತೆ ಬಿಗಿದು ಸ್ವಿಚ್ಚು ಹಾಕುತ್ತಾರೆ. ಗಟ್ಟಿ ಕೊಬ್ಬರಿ ಸಿಕ್ಕಿ ಬ್ಲೇಡು ನಿಂತಾಗ ಆಗುವುದೂ ಇದೇ. ಮೋಟಾರಿನ ಸುರುಳಿ ಹೊತ್ತಿ ಉರಿಯುವ ಮೊದಲೇ ಓವರ್‌ಲೋಡ್ ಸ್ವಿಚ್ಚು ಕಡಿಯಬೇಕು. ಮಿಕ್ಸಿಯ ತಳದಲ್ಲಿ ಒತ್ತುವ ಚಿಕ್ಕ ಕೆಂಪು ಗುಂಡಿ ಅದರದ್ದೇ. ಗೀಸರಿನಲ್ಲಿ ಥರ್ಮೋಸ್ಟಾಟ್ ಕೆಲಸ ಮಾಡದಂತೆ ಮಾಡಿ, ನೀರಿಲ್ಲದೆ ಕಾಯಿಸಿ ನೋಡುತ್ತಾರೆ. ಆಗ ಎರಡನೆಯ ಕಾವಲಾದ ಥರ್ಮಲ್ ಕಟ್‌ಔಟ್ ಎಚ್ಚೆತ್ತು ಸರಬರಾಜು ನಿಲ್ಲಿಸಬೇಕು. ಒಂದು ಮುರಿದರೆ ಇನ್ನೊಂದು ಎಂಬ ತತ್ತ್ವ ಇಲ್ಲಿ ಶಾಖಕ್ಕೂ ಅನ್ವಯಿಸುತ್ತದೆ.

ವೈರು ಮೈಯೊಳಗೆ ಹೊಗುವ ಜಾಗವನ್ನು 25 ಬಾರಿ ಜಗ್ಗುತ್ತಾರೆ. ಒಂದರಿಂದ ನಾಲ್ಕು ಕಿಲೋ ತೂಗುವ ಉಪಕರಣಕ್ಕೆ ಪ್ರತಿ ಬಾರಿಯ ಎಳೆತ 60 ನ್ಯೂಟನ್, ಅಂದರೆ ಸುಮಾರು ಆರು ಕಿಲೋ ಭಾರ. ಇಷ್ಟಾದ ಮೇಲೂ ವೈರು 2 ಮಿಲಿಮೀಟರಿಗಿಂತ ಹೆಚ್ಚು ಜರುಗಿರಬಾರದು. ಪ್ಲಾಸ್ಟಿಕ್ಕಿನ ಭಾಗಗಳನ್ನು 550 ಡಿಗ್ರಿ ಸೆಲ್ಸಿಯಸ್ಸಿಗೆ ಕಾದು ಕೆಂಪಾದ ತಂತಿಗೆ 30 ಸೆಕೆಂಡು ತಾಗಿಸುತ್ತಾರೆ. ಯಾರೂ ಹತ್ತಿರವಿಲ್ಲದಾಗ ಓಡುವ ಉಪಕರಣದ ಕೆಲವು ಭಾಗಗಳಿಗೆ 850 ಡಿಗ್ರಿ. ಬೆಂಕಿ ಹೊತ್ತಿದರೂ ತಂತಿ ತೆಗೆದ 30 ಸೆಕೆಂಡಿನೊಳಗೆ ಅದು ತಾನಾಗಿ ಆರಬೇಕು.

ಇವೆಲ್ಲ ಒಂದು ವಿನ್ಯಾಸವನ್ನು ಒಪ್ಪುವ ಮುನ್ನ ಕೆಲವೇ ಮಾದರಿಗಳ ಮೇಲೆ ನಡೆಯುವ ಪರೀಕ್ಷೆ. ಕಾರ್ಖಾನೆಯಿಂದ ಹೊರಡುವ ಪ್ರತಿಯೊಂದು ಉಪಕರಣಕ್ಕೂ ಅರ್ಥ್ ಸಂಪರ್ಕ, ಅಧಿಕ ವೋಲ್ಟೇಜು, ಸರಿಯಾಗಿ ಓಡುತ್ತದೆಯೇ ಎಂಬ ಮೂರು ಚುಟುಕು ಪರೀಕ್ಷೆಗಳಾಗುತ್ತವೆ. ಇವನ್ನೆಲ್ಲ ದಾಟಿದ್ದರ ಸೂಚನೆ ಐಎಸ್‌ಐ ಮುದ್ರೆ. 2003ರ ಗುಣಮಟ್ಟ ನಿಯಂತ್ರಣ ಆದೇಶ ಇಸ್ತ್ರಿಪೆಟ್ಟಿಗೆ, ಹೀಟರ್ ಕಾಯಿಲು, ಗೀಸರ್, ವಿದ್ಯುತ್ ಒಲೆ, ರೂಮ್ ಹೀಟರುಗಳಿಗೆ ಈ ಮುದ್ರೆಯನ್ನು ಕಡ್ಡಾಯ ಮಾಡಿತು. ಮುದ್ರೆಯ ಮೇಲ್ಗಡೆ ಐಎಸ್ ಸಂಖ್ಯೆ, ಕೆಳಗೆ ಸಿಎಂ/ಎಲ್ ಎಂದು ಶುರುವಾಗುವ ಪರವಾನಗಿ ಸಂಖ್ಯೆ ಇರಬೇಕು. ಭಾರತೀಯ ಮಾನಕ ಬ್ಯೂರೋದ ‘ಬಿಐಎಸ್ ಕೇರ್’ ಆ್ಯಪಿನಲ್ಲಿ ಆ ಸಂಖ್ಯೆ ಹಾಕಿದರೆ ಪರವಾನಗಿ ಯಾರದು, ಚಾಲ್ತಿಯಲ್ಲಿದೆಯೇ ಎಂದು ತಿಳಿಯುತ್ತದೆ. ಸಂತೆಯಲ್ಲಿ ಅಗ್ಗಕ್ಕೆ ಸಿಗುವ ಹೆಸರಿಲ್ಲದ ಹೀಟರ್ ಕಾಯಿಲಿನಲ್ಲಿ ಉಳಿಯುವ ಹಣ, ಈ ಪರೀಕ್ಷೆಗಳನ್ನು ಬಿಟ್ಟುಕೊಟ್ಟು ಉಳಿಸಿದ ಹಣ.

ಪ್ಲಗ್ಗಿನ ಆಚೆ

ಪ್ರಯೋಗಾಲಯದ ಅಧಿಕಾರ ಪ್ಲಗ್ಗಿನ ಪಿನ್ನಿನ ತುದಿಗೆ ಮುಗಿಯುತ್ತದೆ. 25 ಆಂಪಿಯರ್ ಹರಿಸಿ ಪರೀಕ್ಷಿಸಿದ ಆ ಅರ್ಥ್ ದಾರಿ, ಸಾಕೆಟ್ಟಿನ ಆಚೆ ಒಂದು ಒಳ್ಳೆಯ ಅರ್ಥಿಂಗ್ ಇದ್ದೇ ಇದೆ ಎಂದು ನಂಬಿಕೊಂಡಿರುತ್ತದೆ. ಆ ನಂಬಿಕೆ ನಮ್ಮ ಎಷ್ಟೋ ಮನೆಗಳಲ್ಲಿ ಸುಳ್ಳಾಗಿದೆ.

ನಮ್ಮ ಪ್ಲಗ್ಗಿನಲ್ಲಿ ಅರ್ಥ್ ಪಿನ್ನು ಉಳಿದೆರಡಕ್ಕಿಂತ ಉದ್ದ, ದಪ್ಪ. ಹಾಕುವಾಗ ಮೊದಲು ತಾಗಿ, ತೆಗೆಯುವಾಗ ಕೊನೆಗೆ ಬಿಡಲಿ ಎಂಬುದು ಉದ್ದೇಶ. ಮುಚ್ಚಳವಿರುವ ಸಾಕೆಟ್ಟುಗಳಲ್ಲಿ ಕೆಳಗಿನ ಎರಡು ತೂತುಗಳ ಮುಚ್ಚಳ ತೆರೆಯುವುದೂ ಇದೇ ಪಿನ್ನು. ಎರಡು ಪಿನ್ನಿನ ಪ್ಲಗ್ ಹಾಕಲು ಮೇಲಿನ ತೂತಿಗೆ ಪೆನ್ನು, ಕಡ್ಡಿ ಚುಚ್ಚುವ ಅಭ್ಯಾಸ ಮಕ್ಕಳ ಬೆರಳಿಗೆಂದು ಕಟ್ಟಿದ ಕಾವಲನ್ನೇ ಕಿತ್ತಂತೆ. ಮೂರು ಪಿನ್ನಿನ ಇಸ್ತ್ರಿಪೆಟ್ಟಿಗೆಯ ವೈರು ಹಾಳಾದಾಗ ಎರಡು ಪಿನ್ನಿನ ಪ್ಲಗ್ ಹಾಕಿಸುವುದು, ಹಸಿರು ವೈರನ್ನು ಕತ್ತರಿಸಿ ಟೇಪು ಸುತ್ತುವುದು, ಎರಡು ಪಿನ್ನಿನ ಎಕ್ಸ್‌ಟೆನ್ಷನ್ ವೈರಿನಿಂದ ವೆಟ್ ಗ್ರೈಂಡರ್ ಓಡಿಸುವುದು ಎಲ್ಲ ಎರಡನೆಯ ತಡೆಯನ್ನು ನಾವೇ ಕೈಯಾರೆ ಕೆಡಹುವ ಕೆಲಸ. ಮರುದಿನ ಉಪಕರಣ ಎಂದಿನಂತೆ ಓಡುತ್ತದೆ. ಅದೇ ಅಪಾಯ. ಅರ್ಥ್ ಇಲ್ಲದ್ದು ಮೊದಲ ತಡೆ ಮುರಿಯುವ ದಿನದವರೆಗೆ ಯಾರಿಗೂ ಗೊತ್ತಾಗುವುದಿಲ್ಲ.

ಇನ್ನೂ ಕೆಟ್ಟ ಪದ್ಧತಿ, ಅರ್ಥಿಂಗ್ ಇಲ್ಲದ ಮನೆಯಲ್ಲಿ ಸಾಕೆಟ್ಟಿನೊಳಗೆ ಅರ್ಥ್ ಮತ್ತು ನ್ಯೂಟ್ರಲ್ ಎರಡನ್ನೂ ಒಂದು ತುಂಡು ವೈರಿನಿಂದ ಸೇರಿಸುವುದು. ಎಲ್ಲ ಸರಿಯಿರುವಾಗ ತೊಂದರೆ ಕಾಣದು. ನ್ಯೂಟ್ರಲ್ ವೈರು ಎಲ್ಲೋ ಕಡಿದುಹೋಯಿತೆಂದರೆ, ಉಪಕರಣದೊಳಗಿಂದ ಬಂದ ಕರೆಂಟು ಆ ತುಂಡಿನ ಮೂಲಕ ನೇರವಾಗಿ ಲೋಹದ ಮೈಗೆ ಬರುತ್ತದೆ. ಯಾವ ದೋಷವೂ ಇಲ್ಲದ ಉಪಕರಣವೇ ಆಗ ಕೊಲ್ಲುತ್ತದೆ.

ನೆಲದ ಲೆಕ್ಕ, ಆರ್‌ಸಿಸಿಬಿಯ ಲೆಕ್ಕ

ಅರ್ಥಿಂಗ್ ಗುಂಡಿ ತೋಡಿ, ಪೈಪು ಹೂತು, ಇದ್ದಿಲು ಉಪ್ಪು ತುಂಬಿಸಿದರೆ ಮುಗಿಯಿತೇ? ಬೇಸಗೆಯಲ್ಲಿ ಒಣಗಿದ ಮಣ್ಣಿನಲ್ಲಿ ನಿಮ್ಮ ಅರ್ಥಿಂಗಿನ ರೋಧ 20 ಓಮ್ ಇದೆ ಎಂದಿಟ್ಟುಕೊಳ್ಳಿ. ಗೀಸರಿನ ಮೈಗೆ ಫೇಸ್ ವೈರು ತಾಗಿದರೆ ನೆಲಕ್ಕೆ ಹರಿಯುವುದು 230ನ್ನು 20ರಿಂದ ಭಾಗಿಸಿದಷ್ಟು, ಅಂದರೆ 11.5 ಆಂಪಿಯರ್. ಗೀಸರಿಗೆ ಹಾಕಿದ ಎಂಸಿಬಿ 16 ಆಂಪಿಯರಿನದು. ಅದು ಬೀಳುವುದೇ ಇಲ್ಲ. ಗೀಸರಿನ ಮೈ ಹೆಚ್ಚುಕಡಿಮೆ 230 ವೋಲ್ಟಿನಲ್ಲೇ ಉಳಿಯುತ್ತದೆ. ಅರ್ಥಿಂಗ್ ಇದೆ, ಎಂಸಿಬಿ ಇದೆ, ಆದರೂ ನಲ್ಲಿ ಮುಟ್ಟಿದವರಿಗೆ ಶಾಕ್ ಹೊಡೆಯಬಹುದು.

ಈ ಕಂದಕವನ್ನು ತುಂಬುವುದು ಆರ್‌ಸಿಸಿಬಿ. ಅದರೊಳಗೆ ಒಂದು ಕಾಂತೀಯ ಉಂಗುರವಿದೆ. ಫೇಸ್ ಮತ್ತು ನ್ಯೂಟ್ರಲ್ ಎರಡೂ ಅದರ ನಡುವೆ ಹಾದುಹೋಗುತ್ತವೆ. ಹೋದ ಕರೆಂಟೆಲ್ಲ ಮರಳಿ ಬಂದರೆ ಎರಡರ ಕಾಂತಪ್ರಭಾವ ಒಂದನ್ನೊಂದು ಅಳಿಸಿಹಾಕುತ್ತದೆ. ಒಂದಿಷ್ಟು ಕರೆಂಟು ಉಪಕರಣದ ಮೈಯಿಂದಲೋ ಮನುಷ್ಯನ ಮೈಯಿಂದಲೋ ನೆಲಕ್ಕೆ ಸೋರಿದರೆ ಲೆಕ್ಕ ತಾಳೆಯಾಗುವುದಿಲ್ಲ. ವ್ಯತ್ಯಾಸ 30 ಮಿಲಿಆಂಪಿಯರ್ ಮುಟ್ಟಿದರೆ 0.3 ಸೆಕೆಂಡಿನೊಳಗೆ, ಅದರ ಐದು ಪಟ್ಟಾದರೆ 0.04 ಸೆಕೆಂಡಿನೊಳಗೆ ಅದು ಸರಬರಾಜನ್ನು ಕಡಿಯಬೇಕು. ಮೇಲಿನ 11.5 ಆಂಪಿಯರ್ ಎಂಸಿಬಿಗೆ ಲೆಕ್ಕಕ್ಕಿಲ್ಲ. ಆರ್‌ಸಿಸಿಬಿಗೆ ಅದು ಮಿತಿಯ ಸುಮಾರು 380 ಪಟ್ಟು.

ಹಾಗಾದರೆ ಅರ್ಥಿಂಗ್ ಬೇಡವೇ? ಬೇಕು. ಅರ್ಥ್ ವೈರು ಇದ್ದರೆ ದೋಷ ಹುಟ್ಟಿದ ಕ್ಷಣದಲ್ಲೇ ಸೋರಿಕೆ ನೆಲಕ್ಕೆ ಹರಿದು ಆರ್‌ಸಿಸಿಬಿ ಬೀಳುತ್ತದೆ, ಯಾರೂ ಮುಟ್ಟುವ ಮೊದಲೇ. ಅರ್ಥ್ ಇಲ್ಲದಿದ್ದರೆ ಸೋರುವ ಕರೆಂಟಿಗೆ ದಾರಿ ಸಿಗುವುದು ಮನುಷ್ಯ ಮುಟ್ಟಿದಾಗ. ಆಗಲೂ ಅದು ಬೀಳುತ್ತದೆ, ಆದರೆ ಶಾಕ್ ಹೊಡೆಸಿಕೊಂಡ ಮೇಲೆ. ಒಂದು ಕೈಯಲ್ಲಿ ಫೇಸ್, ಇನ್ನೊಂದರಲ್ಲಿ ನ್ಯೂಟ್ರಲ್ ಹಿಡಿದವರನ್ನು ಆರ್‌ಸಿಸಿಬಿ ಕಾಯಲಾರದು ಎಂಬುದೂ ನೆನಪಿರಲಿ. ಅದರ ದೃಷ್ಟಿಯಲ್ಲಿ ಹೋದ ಕರೆಂಟೆಲ್ಲ ಮರಳಿ ಬಂದಿರುತ್ತದೆ.

ಬಕೆಟ್ಟಿನ ಹೀಟರ್ ಕಾಯಿಲಿನ ಮಾತೂ ಇಲ್ಲಿಗೇ ಸೇರುತ್ತದೆ. ಅದರ ಕೊಳವೆ ಸವೆದು ಬಿರುಕು ಬಿಟ್ಟರೆ ಬಕೆಟ್ಟಿನ ನೀರಿಗೇ ಕರೆಂಟು ಬರುತ್ತದೆ. ನೀರು ಕಾಯಿತೇ ಎಂದು ಬೆರಳದ್ದಿ ನೋಡುವ ಅಭ್ಯಾಸ ಎಷ್ಟೋ ಮನೆಗಳಲ್ಲಿ ಸಾವು ತಂದಿದೆ. ಸ್ವಿಚ್ಚು ಆರಿಸಿ, ಪ್ಲಗ್ ತೆಗೆದು, ಆಮೇಲೆ ನೀರು ಮುಟ್ಟಬೇಕು. ಪ್ಲಗ್ ತೆಗೆಯಲೇಬೇಕು, ಏಕೆಂದರೆ ವೈರಿಂಗಿನಲ್ಲಿ ಫೇಸ್ ನ್ಯೂಟ್ರಲ್ ಅದಲುಬದಲಾಗಿದ್ದರೆ ಸ್ವಿಚ್ಚು ಆರಿಸಿದರೂ ಕರೆಂಟು ಕಾಯಿಲಿನಲ್ಲಿ ಇದ್ದೇ ಇರುತ್ತದೆ.

ಮನೆಯ ಪಾಲಿನ ಪರೀಕ್ಷೆ

ಬ್ರಿಟನ್ನಿನಲ್ಲಿ, ಕೆಲಸದ ಸ್ಥಳಗಳ ವಿದ್ಯುತ್ ಸುರಕ್ಷತೆಗೆ 1989ರಲ್ಲಿ ನಿಯಮ ಬಂದ ಮೇಲೆ, ಕಚೇರಿಯ ಕೆಟಲ್ಲು ಫ್ಯಾನುಗಳನ್ನೂ ಆಗಾಗ ಪರೀಕ್ಷಿಸಿ ಚೀಟಿ ಅಂಟಿಸುವ ರೂಢಿ ಬೆಳೆಯಿತು. ಅಲ್ಲಿಯ ಪರೀಕ್ಷಕರು ಮೊದಲು ಬಳಸುವ ಉಪಕರಣ ಕಣ್ಣು. ಬಹಳಷ್ಟು ದೋಷ ನೋಡಿದರೇ ಸಿಕ್ಕುತ್ತದೆ. ಅದನ್ನು ನಾವೂ ಮಾಡಬಹುದು. ಇಸ್ತ್ರಿಪೆಟ್ಟಿಗೆಯ ವೈರು ಮೈಗೆ ಸೇರುವಲ್ಲಿ ಬಿರಿದಿದೆಯೇ? ಪ್ಲಗ್ಗಿನ ಪಿನ್ನು ಕರಕಲಾಗಿದೆಯೇ? ಸಾಕೆಟ್ಟು ಬಿಸಿಯಾಗುತ್ತದೆಯೇ? ಎಲ್ಲಾದರೂ ಟೇಪು ಸುತ್ತಿದೆಯೇ? ಒಂದಕ್ಕೆ ಹೌದೆಂದರೂ ರಿಪೇರಿಯಾಗುವವರೆಗೆ ಆ ಉಪಕರಣ ಅಥವಾ ಸಾಕೆಟ್ಟು ಮುಟ್ಟಬೇಡಿ. ಮುಟ್ಟಿದಾಗ ಜುಂ ಎನ್ನುವ ಉಪಕರಣಕ್ಕೂ ಇದೇ ಮಾತು. ‘ಸ್ವಲ್ಪ ಜುಂ ಅನ್ನುತ್ತೆ, ಚಪ್ಪಲಿ ಹಾಕ್ಕೊಂಡ್ರೆ ಏನೂ ಆಗಲ್ಲ’ ಎಂದು ಸುಮ್ಮನಾಗುವುದು ಮೊದಲ ತಡೆ ಬೀಳುತ್ತಿರುವ ಸುದ್ದಿಗೆ ಕಿವಿ ಮುಚ್ಚಿಕೊಂಡ ಹಾಗೆ. ಸ್ಕ್ರೂಡ್ರೈವರ್ ಆಕಾರದ ಟೆಸ್ಟರನ್ನು ಇಲ್ಲಿ ನೆಚ್ಚಬೇಡಿ. ನಿರಪಾಯದ ಅತಿ ಸಣ್ಣ ಸೋರಿಕೆಗೂ ಅದು ಉರಿಯುತ್ತದೆ, ಅರ್ಥ್ ಕಡಿದಿರುವುದನ್ನು ಹೇಳುವುದಿಲ್ಲ.

ಎಲೆಕ್ಟ್ರಿಷಿಯನ್ ಮನೆಗೆ ಬಂದಾಗ ಮೂರು ಕೆಲಸ ಕೇಳಿ ಮಾಡಿಸಿಕೊಳ್ಳಿ. 500 ವೋಲ್ಟಿನ ಮೆಗ್ಗರ್‌ನಿಂದ ಗೀಸರ್, ಗ್ರೈಂಡರುಗಳ ಅವಾಹಕ ರೋಧ ಅಳೆಯಲಿ; 1 ಮೆಗಾಓಮಿಗಿಂತ ಕಡಿಮೆಯಿದ್ದರೆ ರಿಪೇರಿಗೆ ಹೋಗಲಿ. ಅರ್ಥಿಂಗಿನ ರೋಧ ಎಷ್ಟು ಓಮ್ ಎಂದು ಅಳೆದು, ಮೀಟರ್ ಬೋರ್ಡಿನ ಪಕ್ಕ ತಾರೀಕು ಸಮೇತ ಬರೆಯಲಿ. ಪ್ರತಿ ಸಾಕೆಟ್ಟಿನಲ್ಲೂ ಫೇಸ್, ನ್ಯೂಟ್ರಲ್, ಅರ್ಥ್ ತಮ್ಮ ತಮ್ಮ ಜಾಗದಲ್ಲಿವೆಯೇ ಎಂದು ನೋಡಲಿ. ಬಾಡಿಗೆ ಮನೆ ಹಿಡಿಯುವಾಗ ನೀರು ಬರುತ್ತದೆಯೇ ಎಂದು ವಿಚಾರಿಸುವಷ್ಟೇ ಸಹಜವಾಗಿ ಆರ್‌ಸಿಸಿಬಿ ಇದೆಯೇ ಎಂದು ಕೇಳಬೇಕು. ಇದ್ದರೆ ಅದರ ಮೇಲಿನ ಟೆಸ್ಟ್ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡಬೇಕು. ಒತ್ತಿದಾಗ ಬೀಳದ ಆರ್‌ಸಿಸಿಬಿಯನ್ನು ಅಂದೇ ಬದಲಿಸಬೇಕು.

ಕಾರ್ಖಾನೆಯವರು, ಪರೀಕ್ಷಕರು, ಮಾನಕ ಬರೆದವರು ತಮ್ಮ ಪಾಲಿನ ತಡೆಯನ್ನು ಉಪಕರಣದೊಳಗೆ ಕಟ್ಟಿ ಕಳಿಸುತ್ತಾರೆ. ಗೋಡೆಯೊಳಗಿನ ತಡೆಯನ್ನು ಪರೀಕ್ಷಿಸಲು ಯಾವ ಪ್ರಯೋಗಾಲಯವೂ ಮನೆ ಬಾಗಿಲಿಗೆ ಬರುವುದಿಲ್ಲ. ಆ ಪರೀಕ್ಷೆ ಮನೆಯವರ ಹೊಣೆ, ಮನೆ ಕಟ್ಟಿಸಿದವರ ಹೊಣೆ, ವೈರಿಂಗ್ ಮಾಡಿದವರ ಹೊಣೆ. ಒಂದು ಆರ್‌ಸಿಸಿಬಿಯ ಬೆಲೆ, ಒಂದು ಅರ್ಥ್ ವೈರಿನ ಬೆಲೆ, ಎಲೆಕ್ಟ್ರಿಷಿಯನ್ನಿನ ಅರ್ಧ ದಿನದ ಕೂಲಿ ಕೊಟ್ಟರೆ ಅದು ನೆರವೇರುತ್ತದೆ.